ಹನ್ನೆರಡು ಗಂಟಿನ ಹಗ್ಗ

“ಅಬ್ಬಾ, ಈ ಮೂಲೆ ಸೊಟ್ಟಗದೆ!”

ನನ್ನ ಹತ್ತನೇ ಕ್ಲಾಸಿನ ವಿದ್ಯಾರ್ಥಿನಿ ಶಬಾನಾ ಹೀಗೆಂದಾಗ ನಾನು ಪಕ್ಕದಲ್ಲೇ ಇದ್ದೆ. ಆ ಮೂಲೆ ನಾಗಮಂಗಲದಲ್ಲಿ ನಾನು ಕಟ್ಟಿಸುತ್ತಿದ್ದ ಮನೆಯದು. ಹಗ್ಗಕ್ಕೆ ಸಮ ಅಂತರದಲ್ಲಿ ಹನ್ನೆರಡು ಗಂಟು ಹಾಕಿ, ಮೂರು, ನಾಲ್ಕು, ಐದರ ತ್ರಿಭುಜ ಮಾಡಿ, ಊರಿನ ಮೂಲೆಗಳೆಲ್ಲ ಲಂಬಕೋನವೇ ಎಂದು ಪರೀಕ್ಷಿಸಿರೆಂದು ಮಕ್ಕಳಿಗೆ ಅಪ್ಪಣೆ ಕೊಡಿಸಿದ್ದ ಮಹಾನುಭಾವನೂ ನಾನೇ. ಪಾಯಕ್ಕೆ ಪಂಚಾಂಗ ನೋಡಿಸಿದ್ದೆ, ವಾಸ್ತು ನೋಡಿಸಿದ್ದೆ. ಇಪ್ಪತ್ತಾರು ವರ್ಷ ಬೋಧಿಸಿದ ಪ್ರಮೇಯವನ್ನು ಮಾತ್ರ ಕೇಳಿರಲಿಲ್ಲ. ಐದರ ಬದಿಗೆ ಹಗ್ಗ ನಾಲ್ಕು ಬೆರಳಿನಷ್ಟು ಸಾಲದೆ ನಿಂತಿತ್ತು.

ಹುಡುಗಿ ಬೆರಗಿನಿಂದ ‘ಅಬ್ಬಾ’ ಎಂದಳೆಂದುಕೊಂಡೆ. ಅಷ್ಟರಲ್ಲಿ ಕಲ್ಲು ಕೂರಿಸುತ್ತಿದ್ದ ಮೇಸ್ತ್ರಿ ತಿರುಗಿ ನೋಡಿದರು. ಅವಳು ಕರೆದದ್ದು ಅಪ್ಪನನ್ನು! ಅವರೇ ಇವಳ ತಂದೆಯೆಂಬುದು ನನಗೆ ಗೊತ್ತೇ ಇರಲಿಲ್ಲ. ಆಳುಗಳೆದುರು ಅಪ್ಪನ ಮರ್ಯಾದೆ ತೆಗೆದೆನೆಂದು ಹೆದರಿ ಅವಳು ಹಗ್ಗ ಸುತ್ತತೊಡಗಿದಳು.

“ಸುತ್ತಬ್ಯಾಡ ಕಣಮ್ಮ, ಇನ್ನೊಂದ್ಸಲ ಹಿಡಿ,” ಎಂದರು ಮೇಸ್ತ್ರಿ.

ಮತ್ತೆ ಅದೇ ನಾಲ್ಕು ಬೆರಳು. ಅವರು ಹಾರೆ ಎತ್ತಿ, ಎರಡು ದಿನದಿಂದ ತಾವೇ ಕಟ್ಟಿದ್ದ ಮೂಲೆಯನ್ನು ಮೀಟಿ ಕೆಡವಿದರು. ನಾನು ‘ಅಯ್ಯೋ’ ಎನ್ನುತ್ತ ಮುಂದೆ ಓಡಿದೆ.

“ಗಾಬ್ರಿಯಾಗ್ಬ್ಯಾಡಿ ಸಾ. ಅವ್ಳು ಹಗ್ಗ ಹಿಡೀಲಿ, ನಾನು ಕಟ್ತೀನಿ.”

ಗೃಹಪ್ರವೇಶಕ್ಕೆ ಬಂದವರೆಲ್ಲ ವಾಸ್ತುವನ್ನು ಹೊಗಳಿದರು. ಮೇಸ್ತ್ರಿ ಮಾತ್ರ ಸೀದಾ ಆ ಮೂಲೆಗೆ ಹೋಗಿ, ಗೋಡೆ ತಟ್ಟಿ, “ಇದು ನನ್ ಮಗಳು ಕಟ್ಟಿದ್ದು” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಈ ಸಲ ‘ಅಬ್ಬಾ’ ಎಂದವನು ನಾನು.