ಇದ್ದೀನಿ ಸಾರ್

ಹಾಜರಿ ಕರೆದಾಗ ನಾವೆಲ್ಲ ‘ಪ್ರೆಸೆಂಟ್ ಸಾರ್’ ಅನ್ನುತ್ತಿದ್ದೆವು. ರಶ್ಮಿತಾ ಒಬ್ಬಳು ‘ಇದ್ದೀನಿ ಸಾರ್’ ಅನ್ನುತ್ತಿದ್ದಳು, ಹೊಲದ ಆಚೆಯಿಂದ ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ, ಸ್ವಲ್ಪ ಎಳೆದು. ಹಾಸ್ಟೆಲಿನಲ್ಲಿ ಎಲ್ಲರ ದನಿಯನ್ನೂ ಅಣಕಿಸುವವಳು ನಾನು. ಅವಳದ್ದು ನನಗೆ ಎಲ್ಲರದ್ದಕ್ಕಿಂತ ಸಲೀಸಾಗಿ ಬರುತ್ತಿತ್ತು. ಈ ಹಾಳು ನಾಲಿಗೆಯ ಕಥೆಯನ್ನೇ ಈಗ ಹೇಳಬೇಕಾಗಿದೆ.

ನಾನು ಕೌಸರ್, ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನೂರ್ ಅಹಮ್ಮದರ ಮಗಳು. ಅವಳು ಮೊಳಕಾಲ್ಮೂರಿನ ಕಡೆ, ಸಿದ್ದಾಪುರದವಳು. ಇಬ್ಬರೂ ಒಂದೇ ಕೋಣೆಯಲ್ಲಿದ್ದು ಎಂ.ಎ. ಓದುತ್ತಿದ್ದೆವು. ಕೊರೊನಾದ ಎರಡನೆಯ ಅಲೆಯಲ್ಲಿ ಹಾಸ್ಟೆಲ್ ಮುಚ್ಚಿ ನಮ್ಮನ್ನೆಲ್ಲ ಮನೆಗೆ ಅಟ್ಟಿದರು, ಕ್ಲಾಸು ಮೊಬೈಲಿಗೆ ಬಂತು.

ಬೆಳಿಗ್ಗೆ ಸಗಣಿ ಬಾಚಿ, ರೊಟ್ಟಿ ತಟ್ಟಿ, ಒಂಬತ್ತೂವರೆಗೆ ಕೊಡೆ ಹಿಡಿದು ಅವಳು ಊರಾಚೆಯ ಬಂಡೆ ಹತ್ತುತ್ತಿದ್ದಳು. ಮನೆಯಲ್ಲಿ ಮಾತಿಗಷ್ಟೇ ಸಿಗ್ನಲ್, ಕ್ಲಾಸಿಗೆ ಬಂಡೆಯೇ ಗತಿ. ನನ್ನ ಕ್ಲಾಸು ಅಬ್ಬಾನ ಸ್ಪ್ಯಾನರ್ ಸದ್ದಿನ ನಡುವೆ, ಅಕ್ಕಿ ಮೂಟೆಗೆ ಒರಗಿಕೊಂಡು. ಸಂಜೆ ಅವಳ ಫೋನ್ ಬರುತ್ತಿತ್ತು. “ತಲೆ ಕೆಟ್ಟೋಗೈತೆ ಕಣೆ, ಯಾರ್ದಾದ್ರೂ ದನಿ ಮಾಡು,” ಅನ್ನುತ್ತಿದ್ದಳು. ನಾನು ವಾರ್ಡನ್ ಆಗುತ್ತಿದ್ದೆ, ಮೆಸ್ಸಿನ ಗೀತಮ್ಮ ಆಗುತ್ತಿದ್ದೆ. ಅವಳು ನಕ್ಕರೆ ನನಗೂ ಅವತ್ತು ಅನ್ನ ಸೇರುತ್ತಿತ್ತು.

ನಮ್ಮ ಕಿರಣ್‌ಕುಮಾರ್ ಸರ್ ಪರದೆಯ ಮೇಲಿನ ಹೆಸರನ್ನು ನಂಬುವವರಲ್ಲ. ಪ್ರತಿಯೊಬ್ಬರೂ ದನಿ ಕೊಡಬೇಕು. ಮೂರು ದಿನ ದನಿ ಬರದಿದ್ದರೆ ಮನೆಗೇ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ರಶ್ಮಿತಾ ಫೋನ್ ಮಾಡಿದಳು. “ಜ್ವರ ಕಣೆ. ಹಿತ್ತಲ ಕೋಣ್ಯಾಗೆ ಒಬ್ಳೇ ಅದೀನಿ. ಬಂಡೆ ಹತ್ತಾಕಾಗಲ್ಲ. ಹಾಜರಿ ಮೊದ್ಲೇ ಕಮ್ಮಿ ಐತೆ, ಪರೀಕ್ಷೆಗೆ ಕೂರ್ಸಲ್ಲ. ನಂದೂ ನೀನೇ ಹೇಳ್ಬಿಡು.”

“ಸೋಮಾರಿ, ಒಂದ್ವಾರ ಮಜಾ ಮಾಡು,” ಅಂದೆ ನಾನು.

ಅಬ್ಬಾನ ಫೋನಿನಲ್ಲಿ ಅವಳ ಹೆಸರು ಹಾಕಿ ಕ್ಲಾಸಿಗೆ ಸೇರಿದೆ. ‘ಇದ್ದೀನಿ ಸಾರ್’ ಅಂದೆ. ಸರ್‌ಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ನನಗೆ ಕೊಬ್ಬು, ಒಳಗೊಳಗೇ ನಕ್ಕೆ.

ಅದೇ ವಾರ ನಮ್ಮ ಕ್ಲಾಸಿನ, ರಾಂಪುರದ ಅಂಜಿನೇಯ ಮೂರು ದಿನ ದನಿ ಕೊಡಲಿಲ್ಲ. ಸರ್ ಫೋನ್ ಮಾಡಿ, ಒಂದೇ ಉಸಿರಿಗೆ ಇಪ್ಪತ್ತರವರೆಗೆ ಎಣಿಸು ಅಂದರಂತೆ. ಅವನು ಒಂಬತ್ತಕ್ಕೆ ನಿಂತ. ಸರ್ ತಾವೇ ಹತ್ತು ಕಡೆ ಫೋನ್ ಮಾಡಿ ಆಂಬುಲೆನ್ಸ್ ಕಳಿಸಿದರು. ಅವನು ಉಳಿದುಕೊಂಡ. ಈ ಸುದ್ದಿ ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆರನೆಯ ದಿನದಿಂದ ರಶ್ಮಿತಾಳ ಮೆಸೇಜು ನಿಂತಿತು. ಚಾರ್ಜ್ ಇಲ್ಲವೇನೋ ಅಂದುಕೊಂಡೆ. ಅವಳ ಅವ್ವ ನಿಂಗಕ್ಕನ ನಂಬರು ನನ್ನಲ್ಲಿತ್ತು. ಒಂದು ಫೋನ್ ಮಾಡಬಹುದಿತ್ತು. ಈದ್ ಕೆಲಸವಿತ್ತು ಅಂದರೆ ಅದು ನೆಪ. ನಾನು ಮಾಡಲಿಲ್ಲ, ಅಷ್ಟೇ. ಹಾಜರಿ ಹೇಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೊಂದನೆಯ ದಿನ ಹತ್ತು ಗಂಟೆಗೂ ‘ಇದ್ದೀನಿ ಸಾರ್’ ಅಂದೆ. ಅವಳು ಅಂದು ಬೆಳಗಿನ ಜಾವವೇ ಹೋಗಿಬಿಟ್ಟಿದ್ದಳು.

ಲಾಕ್‌ಡೌನ್ ಮುಗಿದು ಬಸ್ಸು ಬಿಟ್ಟ ಮೇಲೆ ಸಿದ್ದಾಪುರಕ್ಕೆ ಹೋದೆ. ನಿಂಗಕ್ಕ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ನೀರು ಕೊಟ್ಟರು.

“ಬಾಗ್ಲಾಚೆ ನಿಂತು ಮಾತಾಡಿಸ್ತಿದ್ದೆ ಕಣವ್ವ. ‘ಚೆನ್ನಾಗಿದೀನಿ’ ಅಂತಿದ್ಲು. ಕ್ಲಾಸಿಗೆ ಹೋಗ್ದಿದ್ರೆ ಸಾರು ಫೋನ್ ಮಾಡ್ತಾರೆ ಅಂತ ಅವ್ಳೇ ಒಂದಿನ ಹೇಳಿದ್ಲು. ಅವ್ರು ಫೋನೇ ಮಾಡ್ಲಿಲ್ಲ. ಒಳಗೇ ಹೆಂಗೋ ಸಿಗ್ನಲ್ ಸಿಕ್ಕೈತೆ, ಕ್ಲಾಸ್ ಕೇಳ್ತಾ ಅವ್ಳೆ, ವಾಸಿ ಆಗ್ತೈತೆ ಅಂದ್ಕಂಡೆ. ಫೋನ್ ಬಂದಿದ್ರೆ ಬಾಗ್ಲು ತೆಗೀತಿದ್ದೆ.”

ಸುಮ್ಮನೆ ಎದ್ದು ಬರಬಹುದಿತ್ತು. ಆಗಲಿಲ್ಲ. ಎಲ್ಲ ಹೇಳಿದೆ. ಅಬ್ಬಾನ ಫೋನು, ಅವಳ ದನಿ, ಹನ್ನೊಂದು ದಿನ. ಸರ್ ಫೋನು ಬರದ ಹಾಗೆ ಮಾಡಿದವಳು ನಾನೇ ಅಂದೆ. ಅತ್ತುಬಿಟ್ಟೆ.

ನಿಂಗಕ್ಕ ಬೈಯಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ, ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಹಿತ್ತಲ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕೈ ಹಿಡಿದರು.

“ಹೆಂಗಂತಿದ್ದೆ? ಅವ್ಳಂಗೇ ಅನ್ನು, ಒಂದ್ಸಲ.”

ಕಣ್ಣು, ಮೂಗು ಒರೆಸಿಕೊಂಡೆ. ದನಿ ಸರಿಯಾಗಿಯೇ ಬಂತು.

“ಇದ್ದೀನಿ ಸಾರ್.”

ನಿಂಗಕ್ಕ ಕಣ್ಣು ಮುಚ್ಚಿಕೊಂಡಿದ್ದರು. “ಸಾರ್ ಬ್ಯಾಡ,” ಅಂದರು. “‘ಇದ್ದೀನಿ ಅವ್ವಾ’ ಅನ್ನು.”

ಅಂದೆ.