ಜಪಾನ ತೋಟದಲ್ಲಿ ಚಿಗವ್ವ ಕೇಳಿದ ಮಾತು

ನಮ್ಮ ಗೋಕಾಕದಲ್ಲಿ ಒಂದು ಕಾಲಕ್ಕೆ ಜಪಾನಿನ ತೋಟವಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಅರಳೆಯ ವ್ಯಾಪಾರಿಯೊಬ್ಬರು ಮಗ್ಗದ ಯಂತ್ರ ಕೊಳ್ಳಲು ಆ ದೇಶಕ್ಕೆ ಹೋಗಿ ಬಂದರು. ಬರುವಾಗ ಯಂತ್ರದ ಜೊತೆಗೆ ಒಂದು ಹುಚ್ಚನ್ನೂ ಹಚ್ಚಿಕೊಂಡು ಬಂದರು. ಊರಿನ ಉದ್ಯಾನದ ಒಂದು ಮೂಲೆಯನ್ನು ಕೇಳಿ ಪಡೆದು, ಅಲ್ಲಿ ಕೊಳ ತೋಡಿಸಿ, ಅದರ ಮೇಲೆ ಕೆಂಪು ಬಣ್ಣದ ಮರದ ಸೇತುವೆ ಹಾಕಿಸಿ, ಸರ್ವೆ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದರು. ಕಲ್ಲಿನ ದೀಪದ ಕಂಬವನ್ನು ಊರಿನ ಕಲ್ಲುಕುಟಿಗರೇ ಫೋಟೋ ನೋಡಿ ಕಡೆದರು. ಅದು ಕೊನೆಗೆ ಗುಡಿಯ ಮುಂದಿನ ದೀಪಮಾಲೆಯ ಗಿಡ್ಡ ತಮ್ಮನಂತೆ ಕಾಣುತ್ತಿತ್ತು. ಮೊದಲ ವಾರದಲ್ಲೇ ಯಾರೋ ಅದಕ್ಕೆ ಎಣ್ಣೆ ಹೊಯ್ದು ಕುಂಕುಮ ಹಚ್ಚಿ ಹೋದರು.

ಎಲ್ಲಕ್ಕಿಂತ ವಿಚಿತ್ರವೆಂದರೆ ಹರಳಿನ ಅಂಗಳ. ಹೊಳೆಯಿಂದ ಸಣ್ಣ ಬಿಳಿ ಹರಳು ತಂದು ಹಾಸಿ, ದಂತಾಳದ ಹಲ್ಲಿನಿಂದ ಉದ್ದಕ್ಕೂ ಗೆರೆ ಎಳೆದಿದ್ದರು. ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಕಲ್ಲು. ಹರಳೇ ನೀರು, ಗೆರೆಯೇ ಅಲೆ, ಕಲ್ಲೇ ಗುಡ್ಡ ಎಂದು ಆ ವ್ಯಾಪಾರಿಗಳು ಬಂದವರಿಗೆಲ್ಲ ತಿಳಿಸಿ ಹೇಳುತ್ತಿದ್ದರು. ಯಾರು ಕೇಳಬೇಕು? ನಮ್ಮ ಜನಕ್ಕೆ ಅದು ಕಣ. ರಾಶಿಗೆ ಸಜ್ಜಾಗಿ ಕೂತ ಕಣ. ಕಣದೊಳಗೆ ಚಪ್ಪಲಿ ಮೆಟ್ಟಿ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ. ಸಂತೆಗೆ ಬಂದ ರೈತರು ಚಪ್ಪಲಿ ಕಳಚಿ, ಅಂಚಿನಲ್ಲಿ ನಿಂತು, ಒಮ್ಮೆ ಕೈಮುಗಿದು ಹೋಗುತ್ತಿದ್ದರು. ಹಾಗಾಗಿ ಆ ಅಂಗಳಕ್ಕೆ ಬೇಲಿ ಹಾಕುವ ಅಗತ್ಯವೇ ಬೀಳಲಿಲ್ಲ.

ದಿನಾಲು ಅಲ್ಲಿ ದಂತಾಳ ಎಳೆಯುತ್ತಿದ್ದವನು ಮಿಲಿಟರಿಯಿಂದ ಮರಳಿ ಬಂದವನು. ದೊಡ್ಡ ಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕು ಸೆರೆಯಲ್ಲಿ ವರ್ಷಗಳನ್ನು ಕಳೆದಿದ್ದ. ಅಲ್ಲಿ ಒಬ್ಬ ಅಧಿಕಾರಿಯ ಬಂಗಲೆಗೆ ಇಂಥದೇ ತೋಟ ಮಾಡಲು ಸೆರೆಯಾಳುಗಳಿಂದ ಕಲ್ಲು ಹೊರಿಸಿ, ಹರಳು ಹಾಸಿಸಿ, ಗೆರೆ ಎಳೆಸುತ್ತಿದ್ದರು. ಗೆರೆ ಸೊಟ್ಟಾದರೆ ಏಟು. ಆ ಏಟಿನ ವಿದ್ಯೆಯೇ ಗೋಕಾಕದಲ್ಲಿ ಅವನ ಹೊಟ್ಟೆ ಹೊರೆಯಿತು. ಅವನ ಜೊತೆಗೆ ಅದೇ ಸೆರೆಯಲ್ಲಿದ್ದ ಇನ್ನೊಬ್ಬನು ನನ್ನ ಕಾಕಾ, ಅಪ್ಪನ ತಮ್ಮ. ಕಾಕಾ ಮರಳಲಿಲ್ಲ. ಸರಕಾರದ ಕಾಗದದಲ್ಲಿ ಪತ್ತೆಯಿಲ್ಲ ಎಂದಷ್ಟೇ ಇತ್ತು. ಗಂಡ ಬದುಕಿದ್ದಾನೋ ಸತ್ತಿದ್ದಾನೋ, ಅದೊಂದನ್ನು ಕೇಳಿ ತಿಳಿಯಲು ಅವನ ಹೆಂಡತಿ, ಅಂದರೆ ನನ್ನ ಚಿಗವ್ವ, ಆ ತೋಟಕ್ಕೆ ಬಂದಳು. ಕರೆದುಕೊಂಡು ಹೋದವಳು ನಾನು. ಉತ್ತರ ನನಗೆ ಮೊದಲೇ ಗೊತ್ತಿತ್ತು.

ಅದು ಹೇಗೆಂದು ಹೇಳುತ್ತೇನೆ. ನನ್ನನ್ನು ಹೆತ್ತವಳು ಹತ್ತನೇ ದಿನಕ್ಕೆ ತೀರಿಕೊಂಡಳು, ಅಪ್ಪನೂ ಬಹಳ ದಿನ ಉಳಿಯಲಿಲ್ಲ. ಅಂಕಲಗಿಯ ನಮ್ಮ ಮನೆಯಲ್ಲಿ ನನ್ನನ್ನು ಎತ್ತಿಕೊಂಡವಳು ಚಿಗವ್ವ. ಆಗ ಅವಳೇ ಹದಿಮೂರರ ಹುಡುಗಿ, ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಮಕ್ಕಳಾಗುವ ಮೊದಲೇ ಕಾಕಾ ಸೈನ್ಯ ಸೇರಿಕೊಂಡ. ಅವಳ ಮಡಿಲಿಗೆ ಉಳಿದದ್ದು ನಾನೊಬ್ಬಳೇ. ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ಜ್ವರ ಬಂದರೆ ಕಾಲ ಮೇಲೆ ಹಾಕಿಕೊಂಡು ಕೂತದ್ದು, ಎಲ್ಲ ಅವಳು. ನಾನು ಯಾರನ್ನೂ ಅವ್ವ ಎಂದು ಕರೆದವಳಲ್ಲ, ಕರೆಯುವ ಅಗತ್ಯವೂ ಬೀಳಲಿಲ್ಲ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಒಂದು ಮಧ್ಯಾಹ್ನ, ಆ ಮಿಲಿಟರಿಯವನು ನಮ್ಮ ಮನೆಯ ಕಟ್ಟೆಗೆ ಬಂದು ಕೂತ. ಎಲುಬಿನ ಮೇಲೆ ಅಂಗಿ ತೊಡಿಸಿದಂತಿದ್ದ. ಚಿಗವ್ವ ಹಳ್ಳಕ್ಕೆ ಅರಿವೆ ಒಗೆಯಲು ಹೋಗಿದ್ದಳು. ಕಾಕಾ ಸೆರೆಯಲ್ಲೇ ಸತ್ತನೆಂದು ಅವನು ನನ್ನ ಅಜ್ಜಿಗೆ ಹೇಳಿದ. ಅಜ್ಜಿಗೆ ನಾನು ಆಯಿ ಎನ್ನುತ್ತಿದ್ದೆ. ಆಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ದೇವರ ಮುಂದಿನ ಭಂಡಾರದ ಬಟ್ಟಲಾ ತಾ," ಎಂದಳು. ತಂದುಕೊಟ್ಟೆ.

"ಇದನ್ನ ಮುಟ್ಟಿ ಆಣಿ ಮಾಡಪಾ," ಎಂದು ಆಯಿ ಅವನ ಮುಂದೆ ಬಟ್ಟಲು ಹಿಡಿದಳು. "ಅಂವ ಬದುಕ್ಯಾನ, ಬರ್ತಾನ ಅಂತ ಅಕಿಗಿ ಹೇಳು. ಅಕಿಗಿನ್ನೂ ಇಪ್ಪತ್ಮೂರು. ಖರೆ ಗೊತ್ತಾತಂದ್ರ ಉಡಿಕಿ ಆಗಿ ಹೋಗಾಕಿ. ಹೋಗಲಿ ಅನ್ನಾಕ ನನಗೂ ಮನಸೈತಿ. ಆದರ ಈ ಕೂಸಿನ ಗತಿ ಏನ? ನನ್ನ ಕೈಲೆ ಒಂದು ಕೊಡ ನೀರ ತರಾಕ ಆಗೂದಿಲ್ಲ."

ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ಅದರಲ್ಲಿ ನಾಚಿಕೆಯದೇನೂ ಇಲ್ಲ. ದೇವರ ಅರಿಶಿನಪುಡಿ ಮುಟ್ಟಿ ಆಡಿದ ಮಾತನ್ನು ಮುರಿದವರನ್ನು ಮಾತ್ರ ನಾನು ಕಂಡಿಲ್ಲ. ಅವನು ಭಂಡಾರ ಎತ್ತಿದ. ಒದ್ದೆ ಅರಿವೆ ಹೊತ್ತು ಬಂದ ಚಿಗವ್ವನಿಗೆ, "ಬ್ಯಾರೆ ಕ್ಯಾಂಪಿಗಿ ಒಯ್ದಾರ, ತಂಗಿ. ಬರ್ತಾನ," ಎಂದು ಹೇಳಿ, ನೀರು ಸಹ ಕುಡಿಯದೆ ಎದ್ದು ಹೋದ. ನನ್ನಿಂದ ಆಯಿ ಆಣೆ ಮಾಡಿಸಲಿಲ್ಲ. ಮಾಡಿಸಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು.

ಮರುವರ್ಷವೇ ಹುಕ್ಕೇರಿಯ ಬಡಿಗನೊಬ್ಬ, ಹೆಂಡತಿ ತೀರಿಕೊಂಡವನು, ಚಿಗವ್ವನನ್ನು ಕೇಳಿ ಕಳಿಸಿದ. ಗಾಡಿಯ ಗಾಲಿ ಕೂಡಿಸಲು ನಮ್ಮೂರಿಗೆ ಬರುತ್ತಿದ್ದ, ಮೆತ್ತಗಿನ ಮನುಷ್ಯ. ಚಿಗವ್ವ ಪಡಸಾಲೆ ಸಾರಿಸುತ್ತಿದ್ದಳು. "ಗಂಡ ಬದುಕ್ಯಾನ. ಹೆಂಗ ಬರ್ಲಿ?" ಎಂದಳು. ಹೇಳಿ, ಸಾರಿಸಿದ ಜಾಗವನ್ನೇ ಮತ್ತೆ ಸಾರಿಸಿದಳು. ಅವನು ಎರಡು ವರ್ಷ ಕಾಯ್ದು ಬೇರೆ ಮದುವೆಯಾದ. ನಾನು ಆವತ್ತು ಹಿತ್ತಲಲ್ಲಿ ಕುಣಿದಾಡಿದೆ. ಚಿಕ್ಕವಳು, ಬಿಡು ಎಂದು ನೀವು ಅನ್ನಬಹುದು. ಆದರೆ ನಾನು ಚಿಕ್ಕವಳಾಗಿಯೇ ಉಳಿಯಲಿಲ್ಲವಲ್ಲ. ಮುಲ್ಕಿ ಪರೀಕ್ಷೆ ಪಾಸಾದೆ, ತರಬೇತಿ ಮುಗಿಸಿದೆ, ಗೋಕಾಕದ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಿಣಿಯಾದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದೆ. ಪ್ರತಿ ಶನಿವಾರ ಊರಿಗೆ ಹೋಗುವಾಗ ಈ ಸಲ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಹೋದರೆ ಬಿಸಿ ರೊಟ್ಟಿ, ಎಣ್ಣೆ ಹಚ್ಚಿ ತಲೆ ತಿಕ್ಕುವ ಕೈ. ಹೇಳದೆಯೇ ಸೋಮವಾರ ಮರಳುತ್ತಿದ್ದೆ.

ಚಿಗವ್ವ ಕಾಕಾನ ಆಯುಷ್ಯಕ್ಕೆಂದು ಸೋಮವಾರ ಒಪ್ಪತ್ತು ಉಣ್ಣುತ್ತಿದ್ದಳು. ಹಬ್ಬಹಬ್ಬಕ್ಕೆ ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದಳು. ಗೋಕಾಕದ ಸಂತೆಯಲ್ಲಿ ಆ ಮಿಲಿಟರಿಯವನು ಅವಳನ್ನು ಕಂಡರೆ ಸಾಕು, ಕೊಂಡ ಕಾಯಿಪಲ್ಯೆಯನ್ನೂ ಬಿಟ್ಟು ಬೇರೆ ಓಣಿ ಹಿಡಿಯುತ್ತಿದ್ದ. ನಾನು ಎರಡು ಸಲ ನೋಡಿದ್ದೇನೆ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿತ್ತು. ಆಯಿ ತೀರಿಕೊಂಡಳು. ದಡ್ಡಿಯಿಂದ ಚಿಗವ್ವನ ಅಣ್ಣ ದಿನಕರ್ಮಕ್ಕೆ ಬಂದವನು, "ಇನ್ನ ಇಲ್ಲಿ ಯಾರ ಸಲುವಾಗಿ ಇರ್ತಿ? ನಡಿ ಮನಿಗಿ," ಎಂದು ಹಟ ಹಿಡಿದ.

"ಒಂದ ಸಲ ಮಿಲ್ಟ್ರಿ ಅಣ್ಣಗ ಕೇಳತೀನಿ," ಎಂದಳು ಚಿಗವ್ವ. "ಅತ್ತಿ ಮುಂದ ಇದ್ದಾಗ ಅಂವ ನನ್ನ ಮಾರಿ ನೋಡಿ ಮಾತಾಡಿಲ್ಲ. ಬರ್ತಾನ ಅಂದ್ರ ಇಲ್ಲೇ ಇರ್ತೀನಿ, ಇಲ್ಲಂದ್ರ ನಿನ್ನ ಕೂಡ ಬರ್ತೀನಿ."

ನನಗೆ ಆಗ ಇಪ್ಪತ್ತೊಂದು, ಕೈಯಲ್ಲಿ ನೌಕರಿಯಿತ್ತು. ಅವಳು ಹೋದರೆ ನಾನೇನು ಉಪವಾಸ ಬೀಳುತ್ತಿರಲಿಲ್ಲ. ಆದರೂ "ಅಂವ ಊರಾಗಿಲ್ಲಂತ," ಎಂದು ಹೇಳಿಬಿಟ್ಟೆ. ಅವಳು ನಂಬಿದಳೋ ಇಲ್ಲವೋ, ಮುಂದಿನ ರವಿವಾರ ರೊಟ್ಟಿ ಗಂಟು ಕಟ್ಟಿಕೊಂಡು ತಾನೇ ಬಸ್ಸು ಹತ್ತಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. "ತೋಟ ತೋರಸು ಬಾ," ಎಂದಳು.

ಅವನು ಹರಳಿನ ಅಂಗಳದಲ್ಲೇ ಇದ್ದ. ನಮ್ಮನ್ನು ಕಂಡು ಅತ್ತಿತ್ತ ನೋಡಿದ. ಸಂತೆಯಾಗಿದ್ದರೆ ಓಡಬಹುದಿತ್ತು. ದಂತಾಳ ಕೆಳಗಿಟ್ಟು, "ಬಾ ತಂಗಿ," ಎಂದ. ಚಿಗವ್ವ ಚಪ್ಪಲಿ ಕಳಚಿ ಅಂಚಿನ ಕಲ್ಲಿನ ಮೇಲೆ ಕೂತಳು.

"ಏನ ಬಿತ್ತೀರಿ ಅಣ್ಣಾ ಇಲ್ಲಿ?"

"ಏನೂ ಇಲ್ಲ. ಗೆರಿ ಹೊಡೀತೀನಿ. ಗಾಳಿಗಿ ಕೆಡತಾವ, ಮತ್ತ ಹೊಡೀತೀನಿ."

"ಇದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ."

ಚಿಗವ್ವ ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಅತ್ತಿ ಹ್ವಾದ್ಲು," ಎಂದಳು.

"ಕೇಳೀನಿ."

"ಅಂವ ಅದಾನೋ ಇಲ್ಲೋ, ಅಣ್ಣಾ? ಅದಾನ ಅಂದ್ರ ಅದಾನ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ. ನಾ ಅಳೂದಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಲ್ಲಾಡಿಸಿದೆ. ಹೌದು, ಅಷ್ಟಾದ ಮೇಲೂ. ಅವಳ ಬೆನ್ನ ಹಿಂದೆ ನಿಂತು, ಅವಳಿಗೆ ಕಾಣದಂತೆ, ಬೇಡ ಎಂದೆ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಅವನು ನನ್ನ ಮೇಲಿಂದ ಕಣ್ಣು ತೆಗೆದ. "ಯಾರಿಗಿ ಭಂಡಾರ ಎತ್ತಿದ್ನೋ ಅವರ ಇಲ್ಲ ಈಗ," ಎಂದ. "ಅಂವ ಇಲ್ಲ, ತಂಗಿ. ಸೆರಿಯಾಗ ಎರಡನೇ ಮಳಿಗಾಲದಾಗ ಹ್ವಾದ. ಹೊಟ್ಟಿ ಕೆಟ್ಟು ರಕ್ತ ಹೋಗಾಕತ್ತಿತ್ತು. ಕಲ್ಲ ಹೊರಾಕ ಆಗೂದಿಲ್ಲ ಅಂದ, ಬಿಡಲಿಲ್ಲ. ಹೊತ್ತ ಕಲ್ಲ ಇಳಿಸಿ ಅದರ ಮ್ಯಾಲೇ ಕುಂತ. ಏಳಲಿಲ್ಲ. ತೋಟದ ಹಿಂದ ನಾನ ಕುಣಿ ತೋಡೀನಿ. ಮಧ್ಯಾಹ್ನ ಮತ್ತ ನನ್ನ ಗೆರಿ ಹೊಡಿಯಾಕ ಹಚ್ಚಿದ್ರು."

ಚಿಗವ್ವ ಅಳಲಿಲ್ಲ. "ಮತ್ತ ಮನಿಗಿ ಬಂದಾಗ ಬರ್ತಾನ ಅಂದ್ರೆಲ್ಲ?"

"ನಿಮ್ಮತ್ತಿ ಆಣಿ ಹಾಕಿದ್ಲು."

"ಯಾಕ?"

ಅವನು ಗದ್ದದಿಂದ ನನ್ನ ಕಡೆ ತೋರಿಸಿದ. "ಈ ಕೂಸಿನ ಸಲುವಾಗಿ. ಬಟ್ಟಲಾ ತಂದಕೊಟ್ಟದ್ದೂ ಇದ."

ಚಿಗವ್ವ ಕೂತಲ್ಲಿಂದಲೇ ಪೂರ್ತಿ ತಿರುಗಿ ನನ್ನನ್ನು ನೋಡಿದಳು. "ನಿನಗ ಗೊತ್ತಿತ್ತ?"

"ಗೊತ್ತಿತ್ತು."

"ಯಾವಾಗಿಂದ?"

"ಆವತ್ತಿಂದ."

ಬಯ್ಯುತ್ತಾಳೆ ಎಂದುಕೊಂಡೆ. ಕೆನ್ನೆಗೆ ಹೊಡೆದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಅವಳು ಸುಮ್ಮನೆ, ನನಗೂ ಅಲ್ಲ ಅವನಿಗೂ ಅಲ್ಲ ಎಂಬಂತೆ, "ಆಗ ನನಗ ಇಪ್ಪತ್ಮೂರು," ಎಂದಳು. ಚಪ್ಪಲಿ ಮೆಟ್ಟಿಕೊಂಡು ಎದ್ದು ಕೊಳದ ದಂಡೆಗೆ ಹೋಗಿ ಕೂತಳು. ನೀರಿನಲ್ಲಿ ಕೈ ನೆನೆಸಿ, ಅಂಗೈ ಹಿಂಡಿ ಹಿಂಡಿ ಬಳೆಗಳನ್ನು ಒಂದೊಂದಾಗಿ ತೆಗೆದಳು. ಕೈ ಕೆಂಪಾಗಿ ಊದಿತು. ಮಿಲಿಟರಿಯವನು ತಡೆಯಲಾರದೆ, "ಒಡದ ಬಿಡು ತಂಗಿ," ಎಂದ.

"ಗಾಜ ಬೀಳತಾವ. ಹುಡುಗೋರು ಆಡೂ ಜಾಗಾ," ಎಂದಳು. ತೆಗೆದ ಬಳೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅದೇ ಒದ್ದೆ ಕೈಯಿಂದ ಹಣೆ ಒರೆಸಿಕೊಂಡಳು. ಆಮೇಲೆ ಎದ್ದವಳು ಸುತ್ತಿ ಬರಲಿಲ್ಲ. ಚಪ್ಪಲಿಗಾಲಲ್ಲೇ ಹರಳಿನ ಅಂಗಳದ ನಟ್ಟನಡುವೆ, ಗೆರೆಗಳನ್ನೆಲ್ಲ ತುಳಿದುಕೊಂಡು ಬಾಗಿಲ ಕಡೆ ನಡೆದಳು. ನಾನು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು, ಅಂಚಿಗಂಟಿ, ಅವಳ ಹಿಂದೆ ಓಡಿದೆ.

ಬಸ್‌ ಸ್ಟ್ಯಾಂಡಿನಲ್ಲಿ ಅಂಕಲಗಿಯ ಬಸ್ಸು ನಿಂತಿತ್ತು. ಅವಳು ಹುಕ್ಕೇರಿಯ ಬಸ್ಸು ಹತ್ತಿದಳು. ಅಲ್ಲಿಂದ ದಡ್ಡಿಗೆ, ಅಣ್ಣನ ಮನೆಗೆ. "ಚಿಗವ್ವಾ," ಎಂದು ಕಿಟಕಿಯ ಸರಳು ಹಿಡಿದೆ. ಅವಳು ರೊಟ್ಟಿಯ ಗಂಟನ್ನು ಕೊಟ್ಟು, "ಉಣ್ಣು. ಹೊತ್ತಾತು," ಎಂದಳು. ಬಸ್ಸು ಹೋದ ಮೇಲೆ ಬಿಚ್ಚಿ ನೋಡಿದೆ. ನನಗೆ ಸೇರುತ್ತದೆಂದು ಪುಂಡಿಪಲ್ಯೆ ಮಾಡಿ ತಂದಿದ್ದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಉಂಡೆ. ಹಸಿವೆಯೂ ಆಗಿತ್ತು.

ಎರಡು ವರ್ಷದ ನಂತರ ನನ್ನ ಮದುವೆ ಮೂಡಲಗಿಯ ಕಡೆ ಗೊತ್ತಾಯಿತು. ನಾನೇ ದಡ್ಡಿಗೆ ಹೋಗಿ ಅಕ್ಷತೆ ಕೊಟ್ಟು ಕರೆದೆ. ಚಹಾ ಕುಡಿಸಿದಳು, ಯಾವ ಕ್ಲಾಸು ಕಲಿಸುತ್ತಿದ್ದೀ ಎಂದು ಕೇಳಿದಳು, ಬರುತ್ತೇನೆ ಎಂದಳು. ನೆರೆಮನೆಯವರ ಮಗಳಿಗೆ ಕೇಳಿದಂತೆ ಕೇಳಿದಳು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತು ಹಾಗೇ ಉಳಿಯಿತು.

ಮದುವೆಗೆ ಬಂದಳು. ಗಂಡಿನವರ ಮನೆಯ ಮುಂದಿನ ಹಂದರದಲ್ಲಿ, ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ಕೂತಿದ್ದಳು. ಬರಿಗೈ, ಬರಿ ಹಣೆ. ನನ್ನ ಉಡಿ ತುಂಬಲು ಮುತ್ತೈದೆಯರನ್ನು ಕರೆದರು. ಗಂಡಿನ ಕಡೆಯ ಹೆಂಗಸೊಬ್ಬಳು ತಾಟು ಹಿಡಿದು ಅವಳ ಮುಂದೆ ಹಾದವಳು ನಿಂತಳು. ಚಿಗವ್ವನ ಕಣ್ಣು ನನ್ನ ಮೇಲೆಯೇ ನೆಟ್ಟಿದ್ದನ್ನು ಕಂಡಿರಬೇಕು.

"ಮದುಮಗಳು ನಿಮಗ ಏನಾಗಬೇಕ್ರಿ?" ಎಂದು ಕೇಳಿದಳು.

ಹಂದರ ಸಣ್ಣದು, ನನಗೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಚಿಗವ್ವ ಸ್ವಲ್ಪ ಯೋಚಿಸಿದಳು.

"ಏನೂ ಇಲ್ರಿ," ಎಂದಳು. "ಸಣ್ಣಾಕಿದ್ದಾಗ ಸಾಕಿದ್ದೆ, ಅಷ್ಟ."