ಘಜಾಲಾಳ ರಬ್ಬಿ

ವಾರಗಿತ್ತಿ ಘಜಾಲಾ ಹಳೇ ಪುಸ್ತಕವೊಂದರಲ್ಲಿ ತನ್ನ ಮುತ್ತಜ್ಜ, ಯೆಹೂದಿ ಧರ್ಮಗುರು ರಬ್ಬಿ ಖಮೂಸರ ಹೆಸರು ಕಂಡು, ಆ ಪುಟಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ ದಿನದಿಂದ ಹನೀನಾಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ವಾರದ ಸಬ್ಬತ್ ಹಬ್ಬದೂಟಕ್ಕೆ ಅವಳ ಮನೆಗೆ ಹೋದರೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

"ಎಲ್ಲಾ ಬುರುಡೆ, ತೋರಿಸ್ತೀನಿ ಇರು," ಎಂದು ತಮ್ಮೂರು ನೆತಿವೋತ್‌ನಲ್ಲಿ ಬಸ್ಸು ಹತ್ತಿ ಜೆರೂಸಲೇಮಿನ ದಾಖಲೆ ಕಚೇರಿಗೆ ಹೋಗಿ, ಜೆರ್ಬಾ ದ್ವೀಪದಿಂದ ವಲಸೆ ಬಂದವರ ಹಡಗಿನ ಪಟ್ಟಿ ತೆಗೆಸಿದಳು. ರಬ್ಬಿಯ ಹಿರಿಮಗಳು ಘಜಾಲಾ, ವಾರಗಿತ್ತಿಯ ಅಜ್ಜಿ, ಅಲ್ಲಿದ್ದಳು. ಅವಳ ಹೆಸರಿನ ಕೆಳಗೇ ಕಿರಿಮಗಳು ಹನೀನಾ, ಅಕ್ಕಸಾಲಿಗ ಸಸ್ಸಿಯ ಹೆಂಡತಿ. ಅಜ್ಜಿ ಬದುಕಿರುವಾಗಲೇ ಮೊಮ್ಮಗಳಿಗೆ ಅವಳ ಹೆಸರಿಡುವುದು ಜೆರ್ಬಾದವರ ಪದ್ಧತಿ. ಸಸ್ಸಿ ತನ್ನಜ್ಜ; ತವರಿನ ಸುದ್ದಿಯನ್ನೇ ಎತ್ತದೆ ಸತ್ತ ತನ್ನಜ್ಜಿ ಇವಳೇ!

"ಅಮ್ಮಾ, ರಬ್ಬಿ ನಿಮಗೂ ಮುತ್ತಜ್ಜನೇ! ಖುಷಿಪಡಿ," ಎಂದ, ಅವಳ ಕಥೆಯೆಲ್ಲ ಕೇಳಿಸಿಕೊಂಡಿದ್ದ ಗುಮಾಸ್ತ.

ಹನೀನಾ ಪಟ್ಟಿಯನ್ನು ಅತ್ತ ತಳ್ಳಿದಳು. "ಖುಷಿಯಂತೆ ಖುಷಿ! ಅಲ್ಲೂ ಅವಳಜ್ಜೀನೇ ದೊಡ್ಡೋಳು!"